ಬಿಗಿಯಪ್ಪನ ಹಿಂದಿನ ಎಡಚಕ್ರ

ಅವನಿಗೆ ಬಿಗಿಯಪ್ಪ ಎಂದು ಹೆಸರಿಟ್ಟವರು ಬೀದಿಯವರೇ; ಇಟ್ಟದ್ದೂ ಸುಮ್ಮನೆ ಅಲ್ಲ. ಅವನು ಒಮ್ಮೆ ಮುಚ್ಚಿದ ಉಪ್ಪಿನ ಡಬ್ಬಿಯನ್ನು ತೆಗೆಯಲು ಮನೆಮಂದಿಯೆಲ್ಲ ಸರದಿಯಲ್ಲಿ ಹಲ್ಲು ಕಚ್ಚಬೇಕಿತ್ತು. ನಲ್ಲಿ ತೊಟ್ಟಿಕ್ಕಿದರೆ ಅದರ ಕತ್ತು ಹಿಸುಕಿಯೇ ಬಿಡುತ್ತಿದ್ದ, ಆಮೇಲೆ ಹೊಸ ನಲ್ಲಿ ತರಲು ಓಡುತ್ತಿದ್ದ. ಸಡಿಲ ಎಂಬ ಮಾತೇ ಅವನಿಗೆ ಆಗಿಬರುತ್ತಿರಲಿಲ್ಲ. ಗಾಜು ಸಾಗಿಸುವವನಿಗೆ ಸಡಿಲವಾದೀತೆಂಬ ಭಯ ಇರಬೇಕಾದದ್ದೇ ಅನ್ನಿ. ಆದರೆ ಭಯಕ್ಕೂ ಒಂದು ಮಿತಿ ಬೇಡವೇ?

ಗಾಜಿನ ಅಂಗಡಿಯಿಂದ ಕಿಟಕಿ ಬಾಗಿಲುಗಳ ಗಾಜನ್ನು ಹೊಸದಾಗಿ ಕಟ್ಟುತ್ತಿರುವ ಮನೆಗಳಿಗೆ ಮುಟ್ಟಿಸುವುದು ಅವನ ಕಸುಬು. ಹಳೆಯ ಪಿಕಪ್ಪು ಅವನದೇ. ಅವನು ಮುಂದೆ ಸ್ಟೀರಿಂಗ್ ಹಿಡಿದರೆ, ಹೆಂಡತಿ ಹಿಂದೆ, ಎಡಚಕ್ರದ ಮೇಲಿನ ಹಲಗೆಯಲ್ಲಿ ಕೂತು, ಓರೆಯಾಗಿ ನಿಲ್ಲಿಸಿದ ಗಾಜಿಗೆ ಎರಡೂ ಅಂಗೈ ಕೊಟ್ಟಿರುತ್ತಿದ್ದಳು. ಹಗ್ಗ, ಗೋಣಿ, ಮರದ ಚೌಕಟ್ಟು ಎಲ್ಲ ಇದ್ದರೂ ತಿರುವಿನಲ್ಲಿ ಗಾಜಿಗೆ ಮನುಷ್ಯರ ಕೈಯೇ ಬೇಕು. ಮದುವೆಯಾದಾಗಿನಿಂದ ಹೀಗೆಯೇ ನಡೆದುಬಂದಿತ್ತು. ಅವಳು ಹಿಡಿದ ಗಾಜು ಒಂದೂ ಒಡೆದಿರಲಿಲ್ಲ.

ಒಂದು ದಿನ ಅವಳು, ಕೆಳಗಿನಿಂದ ಏನೋ ಕಿರ್ ಅನ್ನುತ್ತಿದೆ ಎಂದಳು. ಬಿಗಿಯಪ್ಪ ಗಾಡಿ ನಿಲ್ಲಿಸಿ, ಚಕ್ರದ ಮುಚ್ಚಳ ತೆಗೆದು, ವೀಲ್ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೊಡಿಸಿ, ಅದರ ಮೇಲೆ ಹತ್ತಿ ನಿಂತು ನಟ್ಟುಗಳನ್ನು ಬಿಗಿದ. ಕೆಲವು ದಿನ ಬಿಟ್ಟು ಅವಳು ಮತ್ತೆ ಅದನ್ನೇ ಹೇಳಿದಳು. ಈ ಸಲ ಅವನಿಗೆ ಸಿಟ್ಟು ನೆತ್ತಿಗೇರಿತು. ಪೈಪಿನ ಮೇಲೆ ಹತ್ತಿ ಕುಣಿದೇ ಬಿಟ್ಟ. ನಾನು ಬಿಗಿದ ನಟ್ಟು ಸದ್ದು ಮಾಡುತ್ತದೆಯೇ, ಮೊದಲು ನಿನ್ನ ಕಿವಿ ಸರಿಯಿದೆಯೇ ನೋಡಿಕೋ ಎಂದು ಗಾಜಿನ ಅಂಗಡಿಯವರ ಎದುರೇ ಹಂಗಿಸಿದ. ಅಂಗಡಿಯವರು ನಕ್ಕರು, ಅವಳೂ ನಕ್ಕಳು. ಆಮೇಲೆ ಅವಳು ಸದ್ದಿನ ಸುದ್ದಿ ಎತ್ತಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡ ಮಹಾರಾಯ.

ಮುಂದೊಂದು ಮಧ್ಯಾಹ್ನ ಸರಕು ಇಳಿಸಿ ಇಬ್ಬರೂ ಮನೆಗೆ ಬಂದಾಗ ಹಿಂದಿನ ಎಡಚಕ್ರದ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಬಗ್ಗಿ ನೋಡಿದರೆ ಐದು ಬೋಲ್ಟುಗಳಲ್ಲಿ ಒಂದರ ಜಾಗ ಬರೀ ತೂತು. ಹಿಂದೊಮ್ಮೆ ಆ ಚಕ್ರಕ್ಕೆ ಪಂಕ್ಚರ್ ಹಾಕಿದವನ ವಂಶವನ್ನೆಲ್ಲ ಬೈಯುತ್ತಾ ಬಿಗಿಯಪ್ಪ ಬಿಡಿಭಾಗದ ಅಂಗಡಿಗೆ ಹೋದ. ಒಂದೇ ಕೊಡುವುದಿಲ್ಲ ಎಂದದ್ದಕ್ಕೆ ಇಡೀ ಸೆಟ್ಟು ತಂದ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸುವ ಮೊದಲು ನಟ್ಟು ಸಡಿಲಿಸೋಣವೆಂದು ಕಾಲು ಅಗಲಿಸಿ ನಿಂತು ಸ್ಪ್ಯಾನರ್ ಹಾಕಿದ. ನಟ್ಟು ಹಾಗೇ ಕೈಗೆ ಬಂತು, ಅದರೊಳಗೆ ಬೋಲ್ಟಿನ ತುಂಡೂ ಬಂತು. ಅವನಿನ್ನೂ ಬಲ ಹಾಕಿಯೇ ಇರಲಿಲ್ಲ. ಪಕ್ಕದ ನಟ್ಟಿಗೆ ಹಾಕಿದ. ಅದೂ ಹಾಗೆಯೇ ಬಂತು.

ತುಂಡನ್ನು ಬೆಳಕಿಗೆ ಹಿಡಿದು ನೋಡಿದ. ಮುರಿದ ಜಾಗ ಮುಕ್ಕಾಲು ಪಾಲು ತುಕ್ಕು ಹಿಡಿದು ಕಪ್ಪಾಗಿತ್ತು, ಅಂಚಿನಲ್ಲಿ ಮಾತ್ರ ಚೂರು ಹೊಳಪು. ಅಂದರೆ ಇವು ಈಗ ಬಿರುಕು ಬಿಟ್ಟವಲ್ಲ, ಎಷ್ಟೋ ದಿನದಿಂದ ಆ ಚೂರಿನಲ್ಲೇ ಜೀವ ಹಿಡಿದುಕೊಂಡಿದ್ದವು. ಇನ್ನು ಉಳಿದದ್ದು ಎರಡೇ ಬೋಲ್ಟು. ಬೆಳಿಗ್ಗೆಯಷ್ಟೇ ಆ ಚಕ್ರದ ಮೇಲೆ ಆಳೆತ್ತರದ ಗಾಜಿತ್ತು, ಗಾಜಿಗೆ ಅಂಗೈ ಒತ್ತಿ ಅವಳಿದ್ದಳು.

ಆದರೂ ಕೆಲಸ ನಿಲ್ಲಿಸುವಂತಿರಲಿಲ್ಲ. ಚಕ್ರ ಬಿಚ್ಚಿದ, ಬ್ರೇಕ್ ಡ್ರಮ್ ಎಳೆದು ತೆಗೆದ, ಹಳೆಯ ಬೋಲ್ಟುಗಳನ್ನೆಲ್ಲ ಸುತ್ತಿಗೆಯಿಂದ ಹೊಡೆದು ಹೊರಗೆ ಹಾಕಿದ. ಮುರಿಯದೆ ಉಳಿದಿದ್ದ ಒಂದನ್ನು ಹೊಸದರ ಪಕ್ಕ ಗೋಣಿಯ ಮೇಲೆ ಇಟ್ಟು ನೋಡಿದರೆ ಹಳೆಯದೇ ಉದ್ದವಿತ್ತು. ಅಂಗಡಿಯವನು ಅಳತೆ ತಪ್ಪಿ ಕೊಟ್ಟನೇನೋ ಅಂದುಕೊಂಡ. ಹೊಸ ನಟ್ಟು ಅದಕ್ಕೂ ಕೂತಿತು, ತಲೆಯ ಗಾತ್ರವೂ ಒಂದೇ. ಹಳೆಯದರ ನಡುಭಾಗ ಮಾತ್ರ ಸಣ್ಣಗಾಗಿತ್ತು. ಬಿಗಿತಕ್ಕೆ ಕಬ್ಬಿಣ ಎಳೆದುಕೊಂಡು ಉದ್ದವಾಗಿತ್ತು. ಅಷ್ಟು ಬಲವಾಗಿ ಎಳೆದವರು ಯಾರು? ಪಂಕ್ಚರಿನವನಂತೂ ಪೈಪಿನ ಮೇಲೆ ಕುಣಿದಿರಲಿಲ್ಲ.

ಹೊಸ ಬೋಲ್ಟುಗಳನ್ನು ಹಿಂದಿನಿಂದ ತೂರಿಸಿ, ವಾಷರ್ ಕೊಟ್ಟು ನಟ್ಟಿನಿಂದ ಎಳೆದು ಕೂರಿಸಿದ. ಡ್ರಮ್ಮನ್ನೂ ಚಕ್ರವನ್ನೂ ಏರಿಸಿ, ಎದುರುಬದುರಿನ ನಟ್ಟುಗಳನ್ನು ಬರೀ ತೋಳಿನ ಬಲದಲ್ಲಿ ಬಿಗಿದು, ಇನ್ನಷ್ಟು ಎಂದು ಚಡಪಡಿಸುವ ಕೈಯನ್ನು ತಾನೇ ತಡೆದ. ಆಮೇಲೆ ಹೆಂಡತಿಯನ್ನು ಕರೆದು ತುಂಡುಗಳನ್ನು ಅವಳ ಕೈಗಿಟ್ಟ.

"ಮುರಿದಿದ್ದು ನಾನೇ ಕಣೇ. ನೀನು ಸದ್ದು ಅಂದಾಗೆಲ್ಲ ಇನ್ನಷ್ಟು ಹಿಂಡಿ ನಾನೇ ಮುರಿದೆ."

ಅವಳು ತುಂಡನ್ನು ತಿರುಗಿಸಿ ನೋಡಿದಳು. "ಇವತ್ತು ಬೆಳಿಗ್ಗೆ ಟಕ್ ಅಂತ ಜೋರಾಗಿ ಕೇಳಿಸ್ತು. ಆಮೇಲೆ ಮುಚ್ಚಳದೊಳಗೆ ಏನೋ ಗಲಗಲ ಅಂತಿತ್ತು."

"ಮತ್ತೆ ಹೇಳಬಾರದಿತ್ತಾ?"

"ನೀವು ಅಷ್ಟು ಖಂಡಿತವಾಗಿ ಹೇಳಿದ್ರಲ್ಲ. ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡೆ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಭಯ ಆಗ್ಲಿಲ್ವಾ ನಿಂಗೆ?"

"ಆಯ್ತು. ಗಾಜಿಗೆ ಏನಾದ್ರೂ ಆದ್ರೆ ನಿಮಗೆ ಬೇಜಾರಾಗುತ್ತೆ ಅಂತ ಇನ್ನೂ ಒತ್ತಿ ಹಿಡ್ಕೊಂಡೆ."

ಬಿಗಿಯಪ್ಪ ಚಕ್ರದ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತ. ಅವನಿಗೆ ತಲೆಸುತ್ತು ಬಂತೆಂದು ಅವಳು ನೀರು ತರಲು ಒಳಗೆ ಓಡಿದಳು.