ಸಾವ್ಕಾರರ ಹರಳು, ಹನುಮಕ್ಕನ ಕಲ್ಲು

ಹುರುಳಿ ಬೇಯುವ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಜಗಳೂರಿನ ನಮ್ಮ ಮನೆಯಲ್ಲಿ ಬೆಳಗೆಂದರೆ ಅದೇ ವಾಸನೆ. ಶೇಂಗಾ ವ್ಯಾಪಾರ ಮಾಡುತ್ತಿದ್ದ ಅಪ್ಪ, ಕಿಡ್ನಿಯಲ್ಲಿ ಕಲ್ಲಾಗಿ ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಕಲ್ಲು ಎನ್ನುವುದು ಒರಟಾಯಿತೆಂದು ಮನೆಯಲ್ಲಿ ಎಲ್ಲರೂ ಹರಳು ಎನ್ನುತ್ತಿದ್ದರು. ಮತ್ತೆ ಆಗಬಾರದೆಂದರೆ ನೀರು ಕುಡಿಯುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಅಜ್ಜಿ ಹುರುಳಿ ಕಟ್ಟು ಬಸಿಯುತ್ತಿದ್ದಳು, ಅಮ್ಮ ಬಾಳೆದಿಂಡಿನ ರಸ ಹಿಂಡುತ್ತಿದ್ದಳು, ನಾನು ಮಣ್ಣಿನ ಹರವಿಯ ತಣ್ಣೀರನ್ನು ಹಿತ್ತಾಳೆ ಲೋಟದಲ್ಲಿ ತುಂಬಿಕೊಂಡು ದಿನವಿಡೀ ಪಡಸಾಲೆಗೆ ಓಡಾಡುತ್ತಿದ್ದೆ.

ಹಿತ್ತಲಲ್ಲಿ ಶೇಂಗಾ ಸುಲಿಯಲು ಬರುತ್ತಿದ್ದ ಹನುಮಕ್ಕನಿಗೂ ಅದೇ ಕಲ್ಲಿನ ನೋವಿತ್ತು. ಊರಾಚೆಯ ಕೇರಿಯವಳಾದ ಅವಳು ನಮ್ಮ ಹರವಿ ಮುಟ್ಟುವಂತಿರಲಿಲ್ಲ. ಬಾಯಾರಿದರೆ ಹಿತ್ತಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆಯೊಡ್ಡಬೇಕು, ಯಾರಾದರೂ ಮೇಲಿನಿಂದ ಹೊಯ್ಯಬೇಕು. ನಿಮ್ಮ ಮನೆಯಲ್ಲೂ ಅಂಥ ಬಾಗಿಲೊಂದು ಇದ್ದಿರಬಹುದು. ನಾವೆಲ್ಲ ಅಪ್ಪನ ನೀರಿನ ಗಡಿಬಿಡಿಯಲ್ಲಿರುತ್ತಿದ್ದೆವು. ಅವಳು ಸ್ವಲ್ಪ ಹೊತ್ತು ಕಾದು, ಸೆರಗಿನಿಂದ ತುಟಿ ಒರೆಸಿಕೊಂಡು, ಒಣಬಾಯಲ್ಲೇ ಕೆಲಸಕ್ಕೆ ಮರಳುತ್ತಿದ್ದಳು.

"ಸಾವ್ಕಾರ್ರಿಗಾದ್ರೆ ಹರಳು, ನಮಗಾದ್ರೆ ಕಲ್ಲು. ಉಂಗುರಕ್ಕೆ ಕೂರಿಸ್ತಾರೇನ್ರಿ ಅಮ್ಮಾರೆ ಅದನ್ನ?" ಎಂದು ಅವಳು ಒಮ್ಮೆ ಕೇಳಿದಾಗ ಅಜ್ಜಿಗೂ ನಗು ತಡೆಯಲಾಗಲಿಲ್ಲ.

"ಬಾಯಿ ಏನು ಜೋರೈತೆ ನೋಡು ಇವಳ್ದು! ಉಳಿದ ಕಟ್ಟು ಕೊಡ್ತೀನಿ, ಕುಡಿ. ತಾನೇ ಬಿದ್ದು ಹೋಗ್ತೈತೆ."

ಬಿದ್ದು ಹೋಗಲಿಲ್ಲ. ಒಂದು ಮಧ್ಯಾಹ್ನ ಶೇಂಗಾ ರಾಶಿಯ ಪಕ್ಕದಲ್ಲೇ ಅವಳು ಮುದುಡಿ ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಹಿಂದಿನ ದಿನದಿಂದಲೇ ಮೂತ್ರ ಕಟ್ಟಿತ್ತಂತೆ. "ದಾವಣಗೆರೆಗೆ ಕರ್ಕೊಂಡು ಹೋಗ್ರಿ, ತಡ ಮಾಡಬ್ಯಾಡ್ರಿ," ಎಂದು ಅಪ್ಪ ಪಡಸಾಲೆಯಿಂದಲೇ ಹೇಳಿದರು. ಅಪ್ಪನಿಗೆ ನೋವು ಬಂದಾಗ ಬಾಗಿಲಿಗೇ ಜೀಪು ಬಂದಿತ್ತು. ಹನುಮಕ್ಕನನ್ನು ಮಗಳು ಗಂಗವ್ವ ಹೆಗಲಿಗೆ ಆನಿಸಿಕೊಂಡು ಬಸ್‌ಸ್ಟಾಂಡಿಗೆ ನಡೆಸಿಕೊಂಡು ಹೋದಳು. ಕೈಗೆ ಸಿಕ್ಕಿದ ಅಪ್ಪನ ಲೋಟದಲ್ಲಿ ನೀರು ತುಂಬಿಕೊಂಡು ನಾನು ಹಿಂದೆ ಓಡಿದೆ.

ಬಸ್ಸು ಇನ್ನೂ ಬಂದಿರಲಿಲ್ಲ. "ನೀರು, ತಾಯಿ," ಎಂದಳು ಹನುಮಕ್ಕ. ಲೋಟವನ್ನು ಅವಳ ತುಟಿಗೆ ಹಿಡಿದೆ. ಕಣ್ಣು ಮಂಜಾಗುತ್ತಿದ್ದರೂ ಮುಖ ಹಿಂದಕ್ಕೆಳೆದುಕೊಂಡಳು. "ಬ್ಯಾಡವ್ವಾ, ಸಾವ್ಕಾರ್ರ ಲೋಟ. ಮ್ಯಾಲಿಂದ ಹಾಕು." ಬೊಗಸೆ ಮಾಡಲು ನೋಡಿದಳು. ಜ್ವರದ ನಡುಕಕ್ಕೆ ಬೆರಳುಗಳು ಕೂಡಲಿಲ್ಲ. ಹೊಯ್ದ ನೀರೆಲ್ಲ ಮೊಣಕೈಗಿಳಿದು ಮಣ್ಣಿಗೆ ಬಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಮೊದಲೇ ಬರಬೇಕಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ಹನುಮಕ್ಕ ಹಿಂದಿರುಗಲಿಲ್ಲ.

ಅಪ್ಪ ಮುಪ್ಪಿನವರೆಗೂ ಚೆನ್ನಾಗಿಯೇ ಬದುಕಿದರು. "ನೀರು ಕುಡೀರಿ, ಅದಕ್ಕಿಂತ ಔಷಧ ಇಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಅಪ್ಪನಿಲ್ಲ, ಅಜ್ಜಿಯಿಲ್ಲ, ಆ ಮನೆಯೂ ಇಲ್ಲ. ನಾನು ಕಾಲೇಜು ಓದಿದೆ, ನಮ್ಮ ಕಿಡ್ನಿಗೂ ಅವರ ಕಿಡ್ನಿಗೂ ವ್ಯತ್ಯಾಸವಿಲ್ಲವೆಂದು ಪುಸ್ತಕದಲ್ಲಿ ಕಲಿತೆ. ಆದರೂ ಆ ಬಸ್‌ಸ್ಟಾಂಡು ನನ್ನನ್ನು ಬಿಟ್ಟಿಲ್ಲ. ಪ್ರತಿ ಸಲವೂ ಲೋಟ ಅವಳ ತುಟಿಯವರೆಗೆ ಹೋಗುತ್ತದೆ. ಪ್ರತಿ ಸಲವೂ ಅವಳೇ ಮುಖ ತಿರುಗಿಸುತ್ತಾಳೆ, ನಮ್ಮ ಲೋಟ ಮೈಲಿಗೆಯಾಗದಿರಲಿ ಎಂದು.