ಗುಡುಗಿದರೆ ಪ್ಲಗ್ ಕೀಳುವವರು

ಸ್ನೇಹಿತರೇ, ನನ್ನ ಮೊದಲ ಕಂಪ್ಯೂಟರನ್ನು ನಾನೇ ಜೋಡಿಸಬೇಕೆಂದು ಇವತ್ತು ವಿರಾಜಪೇಟೆಯ ಅಂಗಡಿಗೆ ಹೋಗಿದ್ದೆ. ಪ್ರೊಸೆಸರ್, ರ್‍ಯಾಮ್, ಕ್ಯಾಬಿನೆಟ್ ಎಲ್ಲ ಆರಿಸಿದ ಮೇಲೆ ಅಂಗಡಿಯವರು ಒಂದು ಸ್ಪೈಕ್ ಗಾರ್ಡ್ ಪ್ಲಗ್ ಬೋರ್ಡನ್ನೂ ತಂದಿಟ್ಟರು.

"ಇದು ಬೇಡ," ಎಂದೆ.

"ನಮ್ಮ ಕಡೆ ಸಿಡಿಲು ಗೊತ್ತಲ್ಲ ಸರ್? ಇದಿಲ್ದೆ ಸುಟ್ಟು ಹೋದ್ರೆ ಆಮೇಲೆ ನನ್ನ ಬೈಬೇಡಿ."

ಬೇಡದ ಸಾಮಾನನ್ನು ತಲೆಗೆ ಕಟ್ಟುತ್ತಿದ್ದಾರೆಂದು ನನಗೆ ರೇಗಿತು. "ಸುಡಲ್ಲ ಮಾರಾಯ್ರೆ! ಒಂದು ಗುಡುಗು ಕೇಳಿದ್ರೆ ಸಾಕು, ನಮ್ಮಮ್ಮ ಓಡಾಡಿ ಮನೆಯ ಪ್ಲಗ್ಗೆಲ್ಲ ಕಿತ್ತು ಹಾಕ್ತಾರೆ."

ಅವರು ನಕ್ಕರು. "ಹಾಗಾದ್ರೆ ಬೇಡ ಬಿಡಿ, ಅಮ್ಮ ಇದ್ದಾರಲ್ಲ," ಎಂದು ಅದನ್ನು ಶೆಲ್ಫಿಗೆ ವಾಪಸ್ ಇಟ್ಟರು.

ಅಮ್ಮ ತೀರಿಕೊಂಡದ್ದು ಕಳೆದ ಮಳೆಗಾಲದಲ್ಲಿ. ನನ್ನ ನಾಲಿಗೆಗೆ ಅದಿನ್ನೂ ಗೊತ್ತಾಗಿಲ್ಲ. "ಇರ್ಲಿ, ಅದನ್ನೂ ಹಾಕಿ," ಎಂದೆ.

ಸಂಜೆ ಗುಡುಗಿತು. ತಂದ ಡಬ್ಬಿಗಳನ್ನು ಇನ್ನೂ ಬಿಚ್ಚಿಲ್ಲ. ಆದರೂ ಎದ್ದು ಹೋಗಿ ಟಿವಿ, ಮಿಕ್ಸಿ, ಫ್ರಿಜ್ಜು, ಎಲ್ಲದರ ಪ್ಲಗ್ ಕಿತ್ತು ಬಂದೆ. ಇದನ್ನು ಬರೆಯುತ್ತಿರುವ ಫೋನ್ ಮಾತ್ರ ಚಾರ್ಜಿನಲ್ಲೇ ಇದೆ. ಬೈಯುವವರಿಲ್ಲ ನೋಡಿ.