ಚಿಕ್ಕಮ್ಮ ಮಧುಗಿರಿ ಬೆಟ್ಟ ಹತ್ತಿದ್ದು

ಆಗೆಲ್ಲ ನಮ್ಮ ಅಜ್ಜಿಯ ಊರಿನ ಹೆಣ್ಣುಮಕ್ಕಳಿಗೆ ಮಧುಗಿರಿ ಬೆಟ್ಟವೆಂದರೆ ನೋಡುವುದಕ್ಕಿದ್ದದ್ದು, ಹತ್ತುವುದಕ್ಕಲ್ಲ. ಅಂಗಳ ಗುಡಿಸುವಾಗ, ನೀರು ಸೇದುವಾಗ ತಲೆಯೆತ್ತಿದರೆ ಆ ಒಂದೇ ಬೋಳು ಬಂಡೆ. ಅಮ್ಮನ ತಂಗಿ, ನನ್ನ ಗಿರಿಜ ಚಿಕ್ಕಮ್ಮನಿಗೆ ಮಾತ್ರ ಅದನ್ನು ಕಂಡರೆ ಕೈಕಾಲು ನಿಲ್ಲುತ್ತಿರಲಿಲ್ಲ. ನಾನು ರಜಕ್ಕೆ ಹೋಗಿದ್ದ ಒಂದು ಬೇಸಿಗೆಯಲ್ಲಿ ಅವಳಿಗೆ ಪಾವಗಡದಲ್ಲಿ ಮದುವೆ ಗೊತ್ತಾಯಿತು.

"ಮದ್ವೆ ಆದ್ಮೇಲೆ ಯಾರು ಬುಡ್ತಾರೆ ಕಣೆ? ನಾಳೆನೇ ಹೋಗ್ಬಂದ್ಬುಡಾನ" ಎಂದಳು.

ಬಳೆ ತರುತ್ತೇವೆಂದು ಅಜ್ಜಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದೆವು. ಚೀಲದಲ್ಲಿ ಖಾರ ಹಚ್ಚಿದ ಪುರಿ, ಎಳೆ ಸೌತೆಕಾಯಿ. ಬೆಟ್ಟದ ಬುಡದ ಕೋಟೆಯ ಬಾಗಿಲುಗಳನ್ನು ಓಡುತ್ತಲೇ ದಾಟಿದೆ. ಅಲ್ಲಿಂದ ಮೇಲೆ ಗೋಡೆಯಂಥ ಬಂಡೆ, ಪಾದ ಊರುವಷ್ಟೇ ಕೊರೆದ ಮೆಟ್ಟಿಲು. ಗಾಳಿಗೆ ನನ್ನ ಲಂಗ ಉಬ್ಬಿತು. ನಡುದಾರಿಯಲ್ಲಿ ಕೂತುಬಿಟ್ಟೆ.

"ಕೆಳಕ್ಕೆ ನೋಡ್ಬ್ಯಾಡ. ನನ್ನ ಹಿಮ್ಮಡಿ ನೋಡ್ಕಂಡು ಬಾ" ಎಂದಳು ಚಿಕ್ಕಮ್ಮ.

ಹಾಗೇ ತೆವಳುತ್ತಿದ್ದಾಗ ಜೇನು ಎದ್ದಿತು. ಚಿಕ್ಕಮ್ಮ ನನ್ನನ್ನು ಬಂಡೆಯ ಸಂದಿಗೆ ತಳ್ಳಿ, ದಾವಣಿ ಹೊದಿಸಿ, ಮೇಲೆ ಕವುಚಿಕೊಂಡಳು. ಅವಳ ಬೆವರು, ಸೀಗೆಕಾಯಿಯ ವಾಸನೆ, ಸುತ್ತಲೂ ಗುಂಯ್ ಎನ್ನುವ ಸದ್ದು. ಚುಚ್ಚಿದಾಗಲೆಲ್ಲ ಅವಳ ಮೈ ಅದುರುತ್ತಿತ್ತು. ಬಾಯಿಂದ ಮಾತ್ರ ಸದ್ದಿಲ್ಲ.

ಹುಳುಗಳು ಚದುರಿದ ಮೇಲೆ ನೋಡಿದರೆ ಅವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮನೆಗೆ ಹೋಗೋಣವೆಂದು ನಾನು ಅತ್ತೆ.

"ಇಲ್ಲಿಗಂಟ ಬಂದು ತಿರುಗೋದಾ? ಇನ್ನೊಂದು ಕಣ್ಣೈತೆ, ನಡಿ."

ತುದಿಯಲ್ಲಿ ಪಾಳುಬಿದ್ದ ದೇವಸ್ಥಾನ, ಬಿಸಿಗಾಳಿ, ಒಣಹುಲ್ಲು. ಚಿಕ್ಕಮ್ಮ ಕೂರಲೇ ಇಲ್ಲ. ಕೊರಟಗೆರೆ ಕಡೆಯ ತೋಟಗಳು, ಶಿರಾ ಕಡೆಯ ಬಯಲು, ಪಾವಗಡದ ದಿಕ್ಕಿನ ಮಬ್ಬು ಗುಡ್ಡಗಳು, ಎಲ್ಲವನ್ನೂ ಸುತ್ತಿ ಸುತ್ತಿ ನೋಡಿದಳು. "ಎಷ್ಟು ದೂರದ್ಗಂಟ ಐತೆ ನೋಡೆ" ಎಂದು ಮೆಲ್ಲಗೆ ಹೇಳಿ, ಆಗ ಅತ್ತಳು.

ಮನೆಯಲ್ಲಿ ಅಜ್ಜಿ ಮೊದಲು ಬಳೆ ಕೇಳಿತು. ನಾವು ಮರೆತೇಬಿಟ್ಟಿದ್ದೆವು. "ನಾಳಿದ್ದು ಗಂಡಿನ ಕಡೆಯೋರು ಬತ್ತಾರೆ. ಈ ಮೂತಿ ಹೆಂಗೆ ತೋರುಸ್ಲಿ?" ಎಂದು ಬೈಯುತ್ತಲೇ ಸುಣ್ಣ ಹಚ್ಚಿತು. ಬಂದವರು ಏನೂ ಅನ್ನಲಿಲ್ಲ. ಮದುವೆ ಆಯಿತು.

ಮೊನ್ನೆ ಪಾವಗಡಕ್ಕೆ ಹೋಗಿದ್ದೆ. ಚಿಕ್ಕಮ್ಮನ ಹಿತ್ತಲಿನಿಂದ ಅಲ್ಲಿಯ ಕೋಟೆ ಬೆಟ್ಟ ಪೂರ್ತಿ ಕಾಣುತ್ತದೆ.

"ಇದನ್ನ ಹತ್ತಿದ್ಯಾ ಚಿಕ್ಕಮ್ಮ?"

"ಯಾಡಮ್ಮಾ, ಎಲ್ಲಿ ಹತ್ತಾದು, ಪುರುಸೊತ್ತೇ ಆಗ್ಲಿಲ್ಲ" ಎಂದಳು, ಆ ಊರಿನ ತೆಲುಗು ಬೆರೆತ ಮಾತಿನಲ್ಲಿ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಈಗ ಹೋಗೋಣ ಬಾ ಎನ್ನಬೇಕೆಂದುಕೊಂಡೆ. ಕಾಫಿ ಮಾಡಲೆಂದು ಗೋಡೆ ಹಿಡಿದು ಏಳುತ್ತಿದ್ದ ಅವಳ ಮಂಡಿ ನೋಡಿ ಸುಮ್ಮನಾದೆ. ಅವಳು ಕಾಫಿ ತರುವವರೆಗೂ ಹಿತ್ತಲಲ್ಲೇ ನಿಂತು ಆ ಬೆಟ್ಟವನ್ನು ನೋಡುತ್ತಿದ್ದೆ.